ಹಸಿರು ಎಲ್ಲಿ ಹೋಯಿತು? ‘ಲ್ಯಾಂಟರ್ನ್ಸ್’ ಸರಣಿ ಬಗ್ಗೆ ಅಭಿಮಾನಿಗಳ ಮನಸ್ಸು ಹೊಯ್ದಾಡುತ್ತಿರುವುದೇಕೆ

2026ರ ಆಗಸ್ಟ್‌ನಲ್ಲಿ ಅಮೆರಿಕದ ಎಚ್‌ಬಿಒ ಚಾನೆಲ್ ‘ಲ್ಯಾಂಟರ್ನ್ಸ್’ ಎಂಬ ಎಂಟು ಕಂತುಗಳ ಸರಣಿಯನ್ನು ತರುತ್ತಿದೆ. ಅಮೆರಿಕದ ಪ್ರಕಾಶನ ಸಂಸ್ಥೆ ಡಿಸಿ ಕಾಮಿಕ್ಸ್‌ನ ಗ್ರೀನ್ ಲ್ಯಾಂಟರ್ನ್ ಎಂಬ ಸೂಪರ್‌ಹೀರೋ ಪಾತ್ರಗಳ ಕಥೆ ಇದು. ವರ್ಷಗಟ್ಟಲೆ ಕಾದಿದ್ದ ಅಭಿಮಾನಿಗಳು ಕುಣಿದಾಡಬೇಕಿತ್ತು. ಆದರೆ ದಾವಣಗೆರೆಯ ಎಂಜಿನಿಯರಿಂಗ್ ಕಾಲೇಜು ಹಾಸ್ಟೆಲ್‌ಗಳಲ್ಲಿ ಇರಲಿ, ಚಿತ್ರದುರ್ಗದ ಗೆಳೆಯರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಇರಲಿ, ಕಾಮಿಕ್ಸ್ ಓದುವವರನ್ನು ಕೇಳಿದರೆ ಸಿಗುವುದು ಅರ್ಧ ಖುಷಿ, ಅರ್ಧ ಆತಂಕ.

ಗೊಂದಲ ಜೋರಾಗಿದ್ದು 2025ರ ಫೆಬ್ರುವರಿಯಲ್ಲಿ ಬಿಡುಗಡೆಯಾದ ಮೊದಲ ಫೋಟೊದಿಂದ. ಅದರಲ್ಲಿ ಇಬ್ಬರು ನಾಯಕರೂ ಮಾಮೂಲಿ ಬಟ್ಟೆಯಲ್ಲಿ ನಿಂತಿದ್ದರು. ಉಂಗುರವೊಂದು ಕಂಡಿತು, ಅಷ್ಟೇ. ಹಸಿರು ಉಡುಪು ಇಲ್ಲ, ಮುಖವಾಡ ಇಲ್ಲ, ಬೆಳಕಿಲ್ಲ. ಸರಣಿಯ ಹೆಸರಿನಲ್ಲೂ ‘ಗ್ರೀನ್’ ಇಲ್ಲ. ಹೊರಗಿನಿಂದ ನೋಡುವವರಿಗೆ ಇದೊಂದು ವಿಷಯವೇ ಅಲ್ಲ ಅನ್ನಿಸಬಹುದು. ಬಟ್ಟೆಯ ಬಣ್ಣಕ್ಕೆ ಯಾಕಿಷ್ಟು ಜಗಳ ಎಂದು ಮನೆಯವರು ಕೇಳುವುದೂ ಸಹಜ. ಆದರೆ ಈ ಜಗಳದ ಹಿಂದೆ ಅರ್ಧ ಶತಮಾನಕ್ಕೂ ಜಾಸ್ತಿ ಇತಿಹಾಸ ಇದೆ. ಅದು ಗೊತ್ತಾದರೆ ಎರಡೂ ಕಡೆಯವರ ಮಾತು ಅರ್ಥವಾಗುತ್ತದೆ.

ಮೊದಲು ಉಂಗುರದ ಕಥೆ

ಗ್ರೀನ್ ಲ್ಯಾಂಟರ್ನ್ ಒಬ್ಬನೇ ವ್ಯಕ್ತಿಯಲ್ಲ. ಅದೊಂದು ಪಡೆ. ಓವಾ ಎಂಬ ಗ್ರಹದಲ್ಲಿರುವ ‘ಗಾರ್ಡಿಯನ್ಸ್’ ಇಡೀ ವಿಶ್ವವನ್ನು 3600 ಭಾಗಗಳಾಗಿ ಹಂಚಿ, ಒಂದೊಂದನ್ನೂ ಕಾಯಲು ಉಂಗುರ ತೊಟ್ಟ ಕಾವಲುಗಾರರನ್ನು ನೇಮಿಸುತ್ತಾರೆ. ತೊಟ್ಟವರ ಮನಸ್ಸಿನಲ್ಲಿ ಮೂಡಿದ್ದನ್ನು ಉಂಗುರ ಹಸಿರು ಬೆಳಕಿನ ರೂಪದಲ್ಲಿ ಕಣ್ಣೆದುರು ತಂದು ನಿಲ್ಲಿಸುತ್ತದೆ. ಕೋಟೆ ಅಂದುಕೊಂಡರೆ ಕೋಟೆ, ಒನಕೆ ಅಂದುಕೊಂಡರೆ ಒನಕೆ. ಹಿಡಿದ ಪಟ್ಟು ಬಿಡದ ಛಲವೇ ಅದರ ಇಂಧನ. ಭಯ ಅದರ ಶತ್ರು.

ಈ ಹೆಸರಿನ ಮೊದಲ ನಾಯಕ ಆ್ಯಲನ್ ಸ್ಕಾಟ್ ಬಂದಿದ್ದು 1940ರಲ್ಲಿ. ಈಗ ನಾವು ಮಾತಾಡುತ್ತಿರುವ ಬಾಹ್ಯಾಕಾಶದ ಪಡೆಯ ಕಥೆ ಶುರುವಾಗಿದ್ದು 1959ರಲ್ಲಿ, ಹಾಲ್ ಜೋರ್ಡನ್ ಎಂಬ ವಿಮಾನ ಪರೀಕ್ಷಿಸುವ ಪೈಲಟ್‌ನಿಂದ. ಸಾಯುತ್ತಿದ್ದ ಬೇರೆ ಗ್ರಹದವನೊಬ್ಬನ ಉಂಗುರ ಅವನ ಕೈ ಸೇರುತ್ತದೆ. 1971ರ ಕೊನೆಗೆ ಜಾನ್ ಸ್ಟೂವರ್ಟ್ ಬಂದ. ವೃತ್ತಿಯಲ್ಲಿ ವಾಸ್ತುಶಿಲ್ಪಿ, ಡಿಸಿ ಕಾಮಿಕ್ಸ್‌ನ ಮೊದಲ ಕಪ್ಪು ವರ್ಣೀಯ ನಾಯಕರಲ್ಲಿ ಒಬ್ಬ. ಮುಖವಾಡ ಹಾಕಿಕೊಳ್ಳಲು ಅವನು ಮೊದಲ ಸಂಚಿಕೆಯಲ್ಲೇ ಒಪ್ಪಲಿಲ್ಲ. ಮುಚ್ಚಿಡುವಂಥದ್ದು ತನ್ನ ಹತ್ತಿರ ಏನೂ ಇಲ್ಲ ಎಂಬುದು ಅವನ ನಿಲುವು. ಗೈ ಗಾರ್ಡ್ನರ್, ಕೈಲ್ ರೇನರ್ ಹೀಗೆ ಸಾಲು ಬೆಳೆಯಿತು.

ಹೊಸ ಸರಣಿಯಲ್ಲಿ ಹಾಲ್ ಆಗಿ ಕೈಲ್ ಚಾಂಡ್ಲರ್, ಜಾನ್ ಆಗಿ ಏರನ್ ಪಿಯರ್ ನಟಿಸಿದ್ದಾರೆ. ಹಾಲ್ ಹಳಬ, ಜಾನ್ ಹೊಸಬ. ಅಮೆರಿಕದ ಒಳನಾಡಿನ ಒಂದು ಕೊಲೆಯ ತನಿಖೆಗೆ ಇಬ್ಬರೂ ಇಳಿಯುತ್ತಾರೆ. ಅಧಿಕೃತವಾಗಿ ಹೇಳಿರುವ ಕಥೆ ಇಷ್ಟು. ಬಾಹ್ಯಾಕಾಶದ ಪೊಲೀಸರನ್ನು ಹೊಲಗದ್ದೆಗಳ ನಡುವಿನ ಕೊಲೆ ಪ್ರಕರಣಕ್ಕೆ ತಂದು ನಿಲ್ಲಿಸಿದ್ದೇಕೆ ಎಂಬುದೇ ಎಲ್ಲರ ಪ್ರಶ್ನೆ.

2011ರ ಪೆಟ್ಟು

ಉತ್ತರ ಹುಡುಕಲು 2011ಕ್ಕೆ ಹೋಗಬೇಕು. ಆ ವರ್ಷ ರಯಾನ್ ರೆನಾಲ್ಡ್ಸ್ ನಾಯಕನಾಗಿ ‘ಗ್ರೀನ್ ಲ್ಯಾಂಟರ್ನ್’ ಸಿನಿಮಾ ಬಂತು. ಖರ್ಚು ಸುಮಾರು 20 ಕೋಟಿ ಡಾಲರ್. ಪ್ರಪಂಚದಾದ್ಯಂತ ಟಿಕೆಟ್ ಗಳಿಕೆ 22 ಕೋಟಿ ಡಾಲರ್ ಆಸುಪಾಸು. ಟಿಕೆಟ್ ಹಣದಲ್ಲಿ ಹೆಚ್ಚುಕಡಿಮೆ ಅರ್ಧ ಚಿತ್ರಮಂದಿರಗಳಿಗೇ ಹೋಗುತ್ತದೆ. ಪ್ರಚಾರದ ಖರ್ಚು ಬೇರೆ. ಹಾಗಾಗಿ ಅದು ದೊಡ್ಡ ನಷ್ಟ. ನಾಯಕನ ಉಡುಪನ್ನು ಹೊಲಿಸಲೇ ಇಲ್ಲ, ಪೂರ್ತಿ ಕಂಪ್ಯೂಟರ್‌ನಲ್ಲೇ ಮಾಡಿದರು. ಅದು ಮೈಮೇಲೆ ಕೂರಲಿಲ್ಲ. ಮುಂದೆ ರೆನಾಲ್ಡ್ಸ್ ತಮ್ಮ ಬೇರೆ ಸಿನಿಮಾದಲ್ಲಿ ಅದೇ ಉಡುಪನ್ನು ಗೇಲಿ ಮಾಡಿದರು.

ಇದರ ಪರಿಣಾಮ ಒಂದು ಸಿನಿಮಾಕ್ಕೆ ನಿಲ್ಲಲಿಲ್ಲ. ಹಸಿರು ಉಡುಪು, ಹಾರಾಟ, ಬೇರೆ ಗ್ರಹ ಎಂದರೆ ನಿರ್ಮಾಪಕರು ಹಿಂಜರಿಯುವಂತಾಯಿತು. 2019ರಲ್ಲಿ ಟಿವಿ ನಿರ್ಮಾಪಕ ಗ್ರೆಗ್ ಬರ್ಲಾಂಟಿ ಅವರ ತಂಡದಿಂದ ಒಂದು ಸರಣಿ ಘೋಷಣೆಯಾಯಿತು. ಗೈ ಗಾರ್ಡ್ನರ್, ಆ್ಯಲನ್ ಸ್ಕಾಟ್ ಪಾತ್ರಗಳಿಗೆ ನಟರೂ ಆಯ್ಕೆಯಾಗಿದ್ದರು. 2022ರಲ್ಲಿ ಮುಖ್ಯ ಬರಹಗಾರರು ಹೊರನಡೆದರು, ಯೋಜನೆಯ ದಿಕ್ಕೇ ಬದಲಾಯಿತು, ಕೊನೆಗೆ ಅದು ಬರಲೇ ಇಲ್ಲ. 2023ರ ಜನವರಿ 31ರಂದು ಡಿಸಿ ಸ್ಟುಡಿಯೋಸ್ ಹೊಣೆ ಹೊತ್ತ ಜೇಮ್ಸ್ ಗನ್ ಸಿನಿಮಾ, ಸರಣಿಗಳ ಹೊಸ ಪಟ್ಟಿ ಬಿಡುಗಡೆ ಮಾಡಿದಾಗ ‘ಲ್ಯಾಂಟರ್ನ್ಸ್’ ಹೆಸರು ಮೊದಲ ಸಲ ಕೇಳಿಬಂತು. 2026ರ ಆರಂಭಕ್ಕೆ ಎಂದಿದ್ದದ್ದು ಆಗಸ್ಟ್‌ಗೆ ಹೋಯಿತು. ಹೀಗೆ ಮೂರು ನಾಲ್ಕು ಸಲ ಆಸೆ ಹುಟ್ಟಿಸಿ ಕೈಬಿಟ್ಟ ಮೇಲೆ ಅಭಿಮಾನಿ ಸುಮ್ನೆ ನಂಬುವುದಾದರೂ ಹೇಗೆ?

ಆಕಾಶದಿಂದ ನೆಲಕ್ಕೆ ಇಳಿದಿದ್ದೇಕೆ

ಮೊದಲ ಕಾರಣ ದುಡ್ಡು. ಕೊಲೆ ತನಿಖೆಯ ಒಂದು ದೃಶ್ಯಕ್ಕೆ ನಟರು, ಒಂದು ಮನೆ, ಒಂದು ಜೀಪು ಇದ್ದರೆ ಸಾಕು. ಉಂಗುರದ ಬೆಳಕಿನ ಒಂದು ದೃಶ್ಯಕ್ಕೆ ಕಂಪ್ಯೂಟರ್ ಕಲಾವಿದರ ತಂಡ ವಾರಗಟ್ಟಲೆ ಕೂರಬೇಕು. ಸಿನಿಮಾದಲ್ಲಿ ಎರಡು ಗಂಟೆಗೆ ಆಗುವ ಈ ಖರ್ಚನ್ನು ಸರಣಿಯಲ್ಲಿ ಏಳೆಂಟು ಗಂಟೆಗೆ ಹಂಚಬೇಕು. ಇದೇ ಎಚ್‌ಬಿಒದ ‘ಗೇಮ್ ಆಫ್ ಥ್ರೋನ್ಸ್’ನಲ್ಲಿ ದೊಡ್ಡ ತೋಳಗಳು ಬರಬರುತ್ತಾ ತೆರೆಯಿಂದ ಮಾಯವಾಗಲು ಖರ್ಚೂ ಒಂದು ಕಾರಣವಾಗಿತ್ತು. ಎಲ್ಲ ಕಂತಿನಲ್ಲೂ ಓವಾ ಗ್ರಹ ತೋರಿಸುತ್ತೇವೆ ಎಂದು ಹೊರಟರೆ ಎರಡೇ ದಾರಿ ಉಳಿಯುತ್ತದೆ. ಒಂದೋ ಗುಣಮಟ್ಟ ಕುಸಿಯಬೇಕು, ಇಲ್ಲವೇ ಕಂತುಗಳ ಸಂಖ್ಯೆ ಇಳಿಯಬೇಕು.

ಎರಡನೆಯದು ಚಾನೆಲ್‌ನ ಸ್ವಭಾವ. ಅಪರಾಧ ಕಥೆಗಳಲ್ಲಿ ಎಚ್‌ಬಿಒ ಪಳಗಿದ ಕೈ. 2024ರಲ್ಲಿ ಬಂದ ‘ದಿ ಪೆಂಗ್ವಿನ್’ ಬ್ಯಾಟ್‌ಮ್ಯಾನ್‌ನ ಖಳನೊಬ್ಬನ ಕಥೆ, ಆದರೆ ಅದರಲ್ಲಿ ಬ್ಯಾಟ್‌ಮ್ಯಾನ್ ಇರಲೇ ಇಲ್ಲ. ಅದು ಪಕ್ಕಾ ರೌಡಿ ಕಥೆ. ಆದರೂ 2025ರಲ್ಲಿ ಅಮೆರಿಕದ ಟಿವಿ ಲೋಕದ 9 ಎಮ್ಮಿ ಪ್ರಶಸ್ತಿ ಗೆದ್ದಿತು. ಒಂದು ದಾರಿ ಗೆದ್ದಾಗ ಅದೇ ದಾರಿಯಲ್ಲಿ ಮುಂದಿನ ಬಂಡಿ ಬಿಡುವುದು ಎಲ್ಲ ಕಡೆ ನಡೆಯುವ ವ್ಯವಹಾರ. ‘ಲ್ಯಾಂಟರ್ನ್ಸ್’ ಉಸ್ತುವಾರಿ ಹೊತ್ತಿರುವ ಕ್ರಿಸ್ ಮಂಡಿ ಕೂಡ ಅಪರಾಧ ಕಥೆಯಾದ ‘ಓಝಾರ್ಕ್’ ಸರಣಿಯಿಂದ ಬಂದವರು. ಜೊತೆಗಿರುವ ಡೇಮನ್ ಲಿಂಡೆಲಾಫ್ 2019ರಲ್ಲಿ ಕಾಮಿಕ್ಸ್ ಆಧರಿಸಿದ ‘ವಾಚ್‌ಮೆನ್’ ಸರಣಿ ಮಾಡಿದಾಗಲೂ ಇಂಥದ್ದೇ ಆತಂಕ ಇತ್ತು. ಅದಕ್ಕೆ 11 ಎಮ್ಮಿ ಬಂದವು. ಮೂರನೆಯವರು ಟಾಮ್ ಕಿಂಗ್, ಸ್ವತಃ ಕಾಮಿಕ್ಸ್ ಬರೆಯುವವರು. ಈ ಪಟ್ಟಿ ನೋಡಿದರೆ ಕಸುಬು ಗೊತ್ತಿಲ್ಲದವರ ಕೈಗೆ ಸರಣಿ ಸಿಕ್ಕಿದೆ ಎಂದು ಹೇಳಲು ಆಗುವುದಿಲ್ಲ.

1970ರಲ್ಲೂ ಇದೇ ಆಗಿತ್ತು

ನೆಲಕ್ಕಿಳಿಸುವುದೇ ದ್ರೋಹ ಎನ್ನುವವರು ಒಂದು ಹಳೆಯ ಸಂಗತಿಯನ್ನು ಮರೆಯುತ್ತಾರೆ. 1970ರಲ್ಲಿ ‘ಗ್ರೀನ್ ಲ್ಯಾಂಟರ್ನ್’ ಕಾಮಿಕ್ಸ್ ಪತ್ರಿಕೆಯ 76ನೇ ಸಂಚಿಕೆಯಿಂದ ಲೇಖಕ ಡೆನಿಸ್ ಓ’ನೀಲ್, ಚಿತ್ರಕಾರ ನೀಲ್ ಆ್ಯಡಮ್ಸ್ ಸೇರಿ ಹಾಲ್‌ನನ್ನು ಆಕಾಶದಿಂದ ಇಳಿಸಿ ಅಮೆರಿಕದ ರಸ್ತೆಗಳಲ್ಲಿ ಓಡಾಡಿಸಿದರು. ಜೊತೆಗೆ ಡಿಸಿಯ ಇನ್ನೊಬ್ಬ ನಾಯಕ, ಬಿಲ್ಲುಗಾರ ಗ್ರೀನ್ ಆ್ಯರೋ. ಬಡತನ, ವರ್ಣಭೇದ, ಮಾದಕ ವ್ಯಸನ ಎಲ್ಲವೂ ಕಥೆಯೊಳಗೆ ಬಂದವು. ಬೇರೆ ಬೇರೆ ಗ್ರಹದ ಬಣ್ಣದವರಿಗೆಲ್ಲ ನೆರವಾದ ನೀನು ಇಲ್ಲಿನ ಕಪ್ಪು ಜನರಿಗೆ ಏನು ಮಾಡಿದೆ ಎಂದು ಮುದುಕರೊಬ್ಬರು ಕೇಳುವ ಪುಟ ಕಾಮಿಕ್ಸ್ ಇತಿಹಾಸದಲ್ಲೇ ಹೆಸರುವಾಸಿ. ಹಾಲ್ ತಲೆತಗ್ಗಿಸುತ್ತಾನೆ. ಜಾನ್ ಸ್ಟೂವರ್ಟ್ ಹುಟ್ಟಿದ್ದೂ ಇದೇ ಕಾಲದಲ್ಲಿ, ಇದೇ ಜೋಡಿಯ ಕೈಯಲ್ಲಿ, 87ನೇ ಸಂಚಿಕೆಯಲ್ಲಿ.

ಹಾಗಾದರೆ ಇಬ್ಬರು ನಾಯಕರು ಅಮೆರಿಕದ ಒಳನಾಡಿನಲ್ಲಿ ಸುತ್ತುವ ಹೊಸ ಸರಣಿ ಮೂಲಕ್ಕೆ ದೂರವೇನಲ್ಲ. ಈ ವಾದಕ್ಕೆ ತೂಕ ಇದೆ.

ಆದರೆ ಕಥೆಯ ಇನ್ನೊಂದು ಭಾಗವನ್ನೂ ಹೇಳಲೇಬೇಕು. ಆ ಸಂಚಿಕೆಗಳಿಗೆ ಹೊಗಳಿಕೆ ಸಿಕ್ಕಿತು, ಆದರೆ ಮಾರಾಟ ಕೈಹಿಡಿಯಲಿಲ್ಲ. 89ನೇ ಸಂಚಿಕೆಗೆ, 1972ರಲ್ಲಿ, ಪತ್ರಿಕೆಯೇ ನಿಂತುಹೋಯಿತು. ಗ್ರೀನ್ ಲ್ಯಾಂಟರ್ನ್‌ಗೆ ಮತ್ತೆ ದೊಡ್ಡ ಓದುಗ ಬಳಗ ಸಿಕ್ಕಿದ್ದು 2004ರ ನಂತರ, ಜೆಫ್ ಜಾನ್ಸ್ ಬರೆದ ಕಾಲದಲ್ಲಿ. ಆಗ ಕಥೆ ಪೂರ್ತಿ ಆಕಾಶದಲ್ಲಿತ್ತು. ಹಳದಿ ಉಂಗುರ ತೊಟ್ಟ ಖಳನಾಯಕ ಸಿನೆಸ್ಟ್ರೋನ ಸೈನ್ಯ, ಸತ್ತವರು ಎದ್ದುಬರುವ ಕಪ್ಪು ಉಂಗುರಗಳು, ಒಂದೊಂದು ಭಾವನೆಗೆ ಒಂದೊಂದು ಬಣ್ಣದ ಪಡೆ. ಈಗ ಇಪ್ಪತ್ತೈದು ಮೂವತ್ತರ ಆಸುಪಾಸಿನಲ್ಲಿರುವ ಬಹಳಷ್ಟು ಓದುಗರು ಈ ಪಾತ್ರವನ್ನು ಪ್ರೀತಿಸಿದ್ದು ಈ ಪುಟಗಳಿಂದ. ಅವರಿಗೆ ಹಸಿರು ಬೆಳಕಿಲ್ಲದ ಫೋಟೊ ನೋಡಿ ಬೇಸರವಾದರೆ ಅದರಲ್ಲಿ ತಪ್ಪೇನಿದೆ?

ಹಾಲ್ ಕಡೆಯವರು, ಜಾನ್ ಕಡೆಯವರು

ಉಡುಪಿನ ಜಗಳ ಮೇಲ್ನೋಟದ್ದು. ಅದರ ಕೆಳಗೆ ಇನ್ನೂ ಆಳದ ಒಂದು ಭಯ ಇದೆ: ಜಾನ್‌ನನ್ನು ಮೇಲೆತ್ತಲು ಹಾಲ್‌ನನ್ನು ಬಲಿ ಕೊಡುತ್ತಾರಾ?

ಈ ಭಯ ಎಲ್ಲಿಂದ ಬಂತು ಎಂದು ತಿಳಿಯಲು 1994 ನೋಡಬೇಕು. ಹಿಂದಿನ ವರ್ಷವೇ ಹಾಲ್‌ನ ಊರನ್ನು ನಾಶ ಮಾಡಿಸಿದ್ದ ಡಿಸಿ, ಆ ವರ್ಷ ದುಃಖದಲ್ಲಿ ಅವನಿಗೆ ಹುಚ್ಚು ಹಿಡಿಸಿತು, ತನ್ನದೇ ಪಡೆಯ ಜೊತೆಗಾರರ ಮೇಲೆ ಅವನಿಂದ ಕೈ ಮಾಡಿಸಿ ಖಳನಾಯಕನನ್ನಾಗಿ ಮಾಡಿತು. ಅವನ ಜಾಗಕ್ಕೆ ಕೈಲ್ ರೇನರ್ ಬಂದ. ಮೂವತ್ತೈದು ವರ್ಷದ ನಾಯಕನನ್ನು ಕೆಲವೇ ಸಂಚಿಕೆಗಳಲ್ಲಿ ಮುಗಿಸಿದ್ದು ಓದುಗರಿಗೆ ಸಹಿಸಲಾಗಲಿಲ್ಲ. ಹಾಲ್ ವಾಪಸ್ ಬರಬೇಕೆಂದು ಅಭಿಮಾನಿಗಳು ಸಂಘ ಕಟ್ಟಿಕೊಂಡು ಚಳವಳಿಯನ್ನೇ ನಡೆಸಿದರು. ಅವನು ಮರಳಿದ್ದು ಹತ್ತು ವರ್ಷ ಕಳೆದ ಮೇಲೆ. ಆ ಕಾಲ ಕಂಡವರಿಗೆ ‘ಹಳಬ, ಹೊಸಬ’ ಎಂಬ ಮಾತು ಕಿವಿಗೆ ಬಿದ್ದರೇ ಅನುಮಾನ. ಅರವತ್ತರ ಆಸುಪಾಸಿನ ಚಾಂಡ್ಲರ್ ಅವರನ್ನು ಹಾಲ್ ಪಾತ್ರಕ್ಕೆ ತೆಗೆದುಕೊಂಡಾಗ ಅನುಮಾನ ಇನ್ನೂ ಬಲವಾಯಿತು. ಮುಂದೆ ಹತ್ತು ವರ್ಷ ನಡೆಸಿಕೊಂಡು ಹೋಗುವ ನಾಯಕನಿಗೆ ಆ ವಯಸ್ಸಿನವರನ್ನು ಯಾರು ಆರಿಸುತ್ತಾರೆ ಎಂಬುದು ಅವರ ತರ್ಕ.

ಜಾನ್ ಕಡೆಯವರ ವಾದವೂ ಅಷ್ಟೇ ಗಟ್ಟಿ. 2001ರಲ್ಲಿ ಕಾರ್ಟೂನ್ ನೆಟ್‌ವರ್ಕ್‌ನಲ್ಲಿ ಶುರುವಾದ ‘ಜಸ್ಟೀಸ್ ಲೀಗ್’ ನೋಡಿ ಬೆಳೆದವರಿಗೆ ಗ್ರೀನ್ ಲ್ಯಾಂಟರ್ನ್ ಅಂದರೆ ಜಾನ್ ಮಾತ್ರ. ಹಾಲ್ ಯಾರೆಂದೇ ಅವರಲ್ಲಿ ಅನೇಕರಿಗೆ ಗೊತ್ತಿರಲಿಲ್ಲ. ಐವತ್ತು ವರ್ಷ ಪಕ್ಕದ ಕುರ್ಚಿಯಲ್ಲಿ ಕೂತ ಪಾತ್ರಕ್ಕೆ ಒಮ್ಮೆಯಾದರೂ ಮುಂದಿನ ಸಾಲು ಸಿಗಬೇಡವೇ ಎಂದು ಅವರು ಕೇಳುತ್ತಾರೆ. 2021ರಲ್ಲಿ ಬಂದ ತಮ್ಮ ‘ಜಸ್ಟೀಸ್ ಲೀಗ್’ ಸಿನಿಮಾ ಆವೃತ್ತಿಗಾಗಿ ನಿರ್ದೇಶಕ ಝ್ಯಾಕ್ ಸ್ನೈಡರ್ ಜಾನ್ ಇರುವ ದೃಶ್ಯ ಚಿತ್ರೀಕರಿಸಿದ್ದರು. ಸ್ಟುಡಿಯೋ ಅದನ್ನು ಬಳಸಲು ಬಿಡಲಿಲ್ಲ. ಬಾಗಿಲವರೆಗೆ ಬಂದು ವಾಪಸ್ ಹೋದ ಪಾತ್ರ ಅದು.

ದಾವಣಗೆರೆಯಂಥ ಊರಿನಲ್ಲಿ ಈ ಒಡಕು ಇನ್ನೂ ಸ್ಪಷ್ಟವಾಗಿ ಕಾಣಲು ಕಾರಣ ಇದೆ. ಇಲ್ಲಿ ಡಿಸಿ ಕಾಮಿಕ್ಸ್ ಸುಲಭಕ್ಕೆ ಕೈಗೆ ಸಿಗುವ ವಸ್ತುವಾಗಿರಲಿಲ್ಲ. ಇಂಗ್ಲಿಷ್ ಪುಸ್ತಕ, ಬೆಲೆಯೂ ಜಾಸ್ತಿ. ಹಾಗಾಗಿ ಯಾರಿಗೆ ಯಾವ ಬಾಗಿಲು ತೆರೆಯಿತೋ ಆ ಬಾಗಿಲಿನಿಂದ ಒಳಗೆ ಹೋದರು. ಕಾರ್ಟೂನ್ ನೋಡಿದವರು ಜಾನ್ ಕಡೆ. ಬೆಂಗಳೂರಿನಿಂದ ಪುಸ್ತಕ ತರಿಸಿಕೊಂಡೋ ಮೊಬೈಲ್‌ನಲ್ಲೋ ಓದಿದವರು ಹಾಲ್ ಕಡೆ. 2011ರ ಸಿನಿಮಾ ಮಾತ್ರ ನೋಡಿದವರಿಗೆ ಈ ಪಾತ್ರದ ಮೇಲೆ ನಂಬಿಕೆಯೇ ಇಲ್ಲ. ಒಂದೇ ಗೆಳೆಯರ ಗುಂಪಿನಲ್ಲಿ ಮೂರು ಮಾತು ಬರುವುದು ಹೀಗೆ.

ಕನ್ನಡದ ಹಿರಿಯ ಓದುಗರಿಗೆ ಮಾತ್ರ ‘ಹಳಬನಿಂದ ಹೊಸಬನಿಗೆ’ ಎಂಬ ವಿಚಾರ ಅಷ್ಟು ಗಾಬರಿ ಹುಟ್ಟಿಸಬೇಕಿಲ್ಲ. ‘ಸುಧಾ’ ವಾರಪತ್ರಿಕೆಯಲ್ಲಿ ಫ್ಯಾಂಟಮ್ ಓದಿ ಬೆಳೆದವರು ಅವರು. ಅಲ್ಲಿಯೂ ಉಂಗುರ ಇದೆ. ಅಪ್ಪನಿಂದ ಮಗನಿಗೆ ಆ ಉಂಗುರವೂ ಹೆಸರೂ ಇಳಿದು ಬರುತ್ತವೆ, ಈಗಿನವನು 21ನೆಯವನು. ವ್ಯಕ್ತಿ ಬದಲಾದರೂ ಕೆಲಸ ನಿಲ್ಲುವುದಿಲ್ಲ ಎಂಬುದೇ ಆ ಕಥೆಯ ಜೀವ. ಹಾಲ್‌ನಿಂದ ಜಾನ್‌ಗೆ ಹೊಣೆ ದಾಟುವುದನ್ನು ಹೀಗೆ ಗೌರವದಿಂದ ಬರೆದರೆ ಎರಡೂ ಕಡೆಯವರು ಒಪ್ಪುತ್ತಾರೆ. ಹಾಲ್‌ನನ್ನು ಕುಡುಕನನ್ನೋ ಹೇಡಿಯನ್ನೋ ಮಾಡಿ, ಅವನ ಕುಸಿತದ ಮೇಲೆ ಜಾನ್‌ನನ್ನು ನಿಲ್ಲಿಸಿದರೆ ಇಬ್ಬರಿಗೂ ಅನ್ಯಾಯ.

ಚಿತ್ರದುರ್ಗ ಕಂಡ ಇಂಥದ್ದೇ ಜಗಳ

ಪುಸ್ತಕದ ಕಥೆ ತೆರೆಗೆ ಬಂದಾಗ ಏನು ಉಳಿಯಬೇಕು, ಏನು ಹೋದರೂ ಪರವಾಗಿಲ್ಲ? ಈ ಪ್ರಶ್ನೆಗೆ ನಮ್ಮ ಭಾಗದವರಿಗೆ ಹಾಲಿವುಡ್‌ಗಿಂತ ಹತ್ತಿರದ ಉದಾಹರಣೆ ಇದೆ.

ಮಲೇಬೆನ್ನೂರಿನಲ್ಲಿ ಹುಟ್ಟಿದ, ತಳುಕಿನ ಮನೆತನದ ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಸೇರಿಸಿ ಪುಟ್ಟಣ್ಣ ಕಣಗಾಲ್ 1972ರಲ್ಲಿ ‘ನಾಗರಹಾವು’ ತೆಗೆದರು. ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಈ ಮೂರರ ಹೂರಣ ಒಂದೇ ಸಿನಿಮಾಕ್ಕೆ ಹಿಡಿಯಬೇಕಿತ್ತು. ಎಷ್ಟೋ ಬಿಟ್ಟುಹೋಯಿತು, ಎಷ್ಟೋ ಬದಲಾಯಿತು. ಮೂಲ ಲೇಖಕರಿಗೆ ಸಿನಿಮಾ ಹಿಡಿಸಲಿಲ್ಲ. ಇದು ನಾಗರಹಾವಲ್ಲ, ಕೇರೆಹಾವು ಎಂದು ಅವರು ಹೇಳಿದರೆಂಬ ಮಾತು ಇವತ್ತಿಗೂ ಜನರ ಬಾಯಲ್ಲಿದೆ. ಆದರೆ ಅದೇ ಸಿನಿಮಾ ವಿಷ್ಣುವರ್ಧನ್ ಎಂಬ ನಾಯಕನನ್ನು ಕೊಟ್ಟಿತು. ಚಾಮಯ್ಯ ಮೇಷ್ಟ್ರನ್ನು ಮನೆಮಾತು ಮಾಡಿತು. ಕೋಟೆ ಹತ್ತುವ ಎಷ್ಟೋ ಜನರ ಕಣ್ಣಲ್ಲಿ ಓಬವ್ವ ಎಂದರೆ ಹಾಡಿನಲ್ಲಿ ಕಂಡ ಜಯಂತಿಯವರೇ.

ಯಾರು ಸರಿ? ಇಬ್ಬರೂ ಸರಿ ಎಂದೇ ನನಗೆ ಅನ್ನಿಸುತ್ತದೆ. ತ.ರಾ.ಸು. ಅವರ ನೋವು ನಿಜ, ಪುಟದಲ್ಲಿದ್ದ ಎಷ್ಟೋ ಸಂಗತಿ ತೆರೆಯಲ್ಲಿ ಸಿಗಲಿಲ್ಲ. ಪ್ರೇಕ್ಷಕರ ಪ್ರೀತಿಯೂ ನಿಜ. ರಾಮಾಚಾರಿಯ ಹಟ, ಮೇಷ್ಟ್ರ ವಾತ್ಸಲ್ಯ, ದುರ್ಗದ ಬಂಡೆ ಈ ಮೂರನ್ನು ಪುಟ್ಟಣ್ಣ ಬಿಟ್ಟುಕೊಡಲಿಲ್ಲ. ಇದರಲ್ಲಿ ಒಂದು ತಪ್ಪಿದ್ದರೂ ಸಿನಿಮಾ ನಿಲ್ಲುತ್ತಿರಲಿಲ್ಲ. ಆ ಬಂಡೆಗಳನ್ನು ಬಿಟ್ಟು ಯಾವುದೋ ಸ್ಟುಡಿಯೋದಲ್ಲಿ ರಟ್ಟಿನ ಕೋಟೆ ಕಟ್ಟಿದ್ದರೆ ನಾವು ಒಪ್ಪುತ್ತಿದ್ದೆವಾ?

ಗ್ರೀನ್ ಲ್ಯಾಂಟರ್ನ್‌ಗೆ ಆ ಬಂಡೆ ಅಂದರೆ ಆಕಾಶ. ಕಥೆ ನೆಲದಲ್ಲಿ ನಡೆಯಲಿ, ತೊಂದರೆ ಇಲ್ಲ. ಆದರೆ ತಲೆಯ ಮೇಲೆ 3600 ಭಾಗಗಳ ಒಂದು ದೊಡ್ಡ ಜಗತ್ತು ಇದೆ, ಈ ಇಬ್ಬರೂ ಅದರ ಸಣ್ಣ ಕಾವಲುಗಾರರು ಎಂಬ ಅರಿವು ಪ್ರತಿ ಕಂತಿನಲ್ಲೂ ಇರಬೇಕು. ಅಭಿಮಾನಿಗೆ ನಿಜವಾಗಿ ಬೇಕಿರುವುದು ಇದೇ. ಕಾಮಿಕ್ಸ್ ಎಂದರೆ ಮಕ್ಕಳಾಟ, ಅದರಿಂದ ಬಣ್ಣ, ಉಡುಪು, ಬೇರೆ ಗ್ರಹದವರನ್ನು ತೆಗೆದರೆ ಮಾತ್ರ ದೊಡ್ಡವರು ನೋಡುತ್ತಾರೆ ಎಂಬ ಮುಜುಗರ ತಯಾರಕರಿಗೆ ಇದೆಯಾ ಎಂಬುದು ಅವರ ಆತಂಕ. ತಾನು ಎದೆಗೊತ್ತಿಕೊಂಡು ಓದಿದ್ದನ್ನು ಇನ್ನೊಬ್ಬರು ನಾಚಿಕೆಯಿಂದ ಮುಚ್ಚಿಡುತ್ತಿದ್ದಾರೆ ಅನ್ನಿಸಿದಾಗ ಆಗುವ ನೋವು ಸಣ್ಣದಲ್ಲ.

ಮುಜುಗರ ಇಲ್ಲ ಎನ್ನಲು ಸುಳಿವುಗಳೂ ಇವೆ. 2025ರ ಜುಲೈನಲ್ಲಿ ಬಂದ ‘ಸೂಪರ್‌ಮ್ಯಾನ್’ನಲ್ಲಿ ನೇಥನ್ ಫಿಲಿಯನ್ ಅವರ ಗೈ ಗಾರ್ಡ್ನರ್ ಇದ್ದ. ಕಾಮಿಕ್ಸ್‌ನಲ್ಲಿದ್ದ ಅದೇ ವಿಚಿತ್ರ ಕ್ರಾಪು, ಉಂಗುರದಿಂದ ಎದ್ದುಬರುವ ದೊಡ್ಡ ಹಸಿರು ಕೈಗಳು, ಯಾವುದನ್ನೂ ಬಚ್ಚಿಡಲಿಲ್ಲ. ಅದೇ ಜಗತ್ತಿನಲ್ಲಿ ‘ಲ್ಯಾಂಟರ್ನ್ಸ್’ ನಡೆಯುತ್ತದೆ, ಗೈ ಇಲ್ಲಿಯೂ ಇದ್ದಾನೆ. ಸಿನೆಸ್ಟ್ರೋ ಪಾತ್ರಕ್ಕೆ ಉಲ್ರಿಕ್ ಥಾಮ್ಸನ್ ಆಯ್ಕೆಯಾಗಿದ್ದಾರೆ. ಹಾಲ್‌ನ ಬದುಕಿನ ಅತಿ ದೊಡ್ಡ ಎದುರಾಳಿ ಸಿನೆಸ್ಟ್ರೋ. ಅವನನ್ನು ತಂದಮೇಲೆ ಕಥೆ ಒಂದು ಹಳ್ಳಿಯ ಕೊಲೆಯಲ್ಲೇ ಮುಗಿಯುವುದು ಕಷ್ಟ.

ಗೆದ್ದರೆ ಏನು, ಸೋತರೆ ಏನು

ಸರಣಿ ಗೆದ್ದರೆ ಪಡೆಯ ದೊಡ್ಡ ಕಥೆಗಳಿಗೆ ದಾರಿ ತೆರೆಯುತ್ತದೆ. ಹಳದಿ ಉಂಗುರಗಳ ಯುದ್ಧಕ್ಕೆ ಬೇಕಾದ ದುಡ್ಡು ಆಗ ಸಿಗಬಹುದು. ಮೊದಲು ಪಾತ್ರಗಳನ್ನು ಜನರ ಮನಸ್ಸಿನಲ್ಲಿ ನಿಲ್ಲಿಸಿ, ಆಮೇಲೆ ಆಕಾಶಕ್ಕೆ ಏರಿಸುವುದು ನಿಧಾನದ ದಾರಿ. 2011ರಲ್ಲಿ ಇದರ ತದ್ವಿರುದ್ಧ ಮಾಡಿ ಕೈಸುಟ್ಟುಕೊಂಡಿದ್ದರು.

ಇನ್ನೊಂದು ಪರಿಣಾಮದ ಬಗ್ಗೆ ಜಾಸ್ತಿ ಚರ್ಚೆಯಾಗುತ್ತಿಲ್ಲ. ಸರಣಿ ಬರೀ ಕೊಲೆ ತನಿಖೆಯಾಗಿ ಗೆದ್ದರೆ, ಉಂಗುರದ ಬೆಳಕು ಹೆಚ್ಚುಕಡಿಮೆ ಇಲ್ಲದೆಯೂ ಹೊಗಳಿಕೆ ಸಿಕ್ಕರೆ, ಹಾಗೇ ಸಾಕಲ್ವಾ ಎಂದು ಲೆಕ್ಕ ಹಾಕುವವರು ಹುಟ್ಟಿಕೊಳ್ಳುತ್ತಾರೆ. ಅಭಿಮಾನಿಗಳಿಗೆ ಸೋಲಿಗಿಂತ ಹೆಚ್ಚು ಹೆದರಿಕೆ ಇಂಥ ಗೆಲುವಿನದ್ದು. ಸೋತರೆ ಮಾತ್ರ 2011ರ ನಂತರದ ಸ್ಥಿತಿಯೇ ಮರಳುತ್ತದೆ, ಈ ಪಾತ್ರ ಮತ್ತೆ ವರ್ಷಗಟ್ಟಲೆ ಕಪಾಟು ಸೇರುತ್ತದೆ. ತಪ್ಪು ಬರವಣಿಗೆಯದ್ದೇ ಆದರೂ ಬೈಗುಳ ತಿನ್ನುವುದು ಹಸಿರು ಉಂಗುರವೇ.

ಆದ್ದರಿಂದ ನೋಡುವವರು ಮೊದಲ ಎರಡು ಮೂರು ಕಂತುಗಳಲ್ಲಿ ಉಡುಪು ಎಷ್ಟು ನಿಮಿಷ ಕಂಡಿತು ಎಂದು ಲೆಕ್ಕ ಹಾಕುವುದು ಬೇಡ. ಕೊಲೆಯ ಎಳೆ ಓವಾ ಕಡೆಗೆ ಹೋಗುತ್ತಿದೆಯಾ? ಹಾಲ್‌ನ ದೌರ್ಬಲ್ಯದ ಜೊತೆ ಅವನ ಧೈರ್ಯಕ್ಕೂ ಜಾಗ ಇದೆಯಾ? ಜಾನ್‌ಗೆ ಕೋಪದಾಚೆ ತನ್ನದೇ ಆದ ಯೋಚನೆ ಇದೆಯಾ? ಉಂಗುರ ಬೆಳಗಿದಾಗ ಅದಕ್ಕೊಂದು ತೂಕ ಇದೆಯಾ? ಗಮನಿಸಬೇಕಾದದ್ದು ಇವನ್ನು.

ಕನ್ನಡದಲ್ಲಿ ಕೇಳಬೇಕು

ಭಾರತದಲ್ಲಿ ಎಚ್‌ಬಿಒ ಸರಣಿಗಳ ಹಾದಿಯೂ ಜನರನ್ನು ಸುತ್ತಾಡಿಸಿದೆ. 2023ರ ಮಾರ್ಚ್ ಕೊನೆಗೆ ಅವು ಹಾಟ್‌ಸ್ಟಾರ್ ಬಿಟ್ಟವು, ಆಮೇಲೆ ಜಿಯೋಸಿನಿಮಾಕ್ಕೆ ಬಂದವು, 2025ರ ಫೆಬ್ರುವರಿಯಲ್ಲಿ ಎರಡೂ ಸೇರಿ ಜಿಯೋಹಾಟ್‌ಸ್ಟಾರ್ ಆಯಿತು. ಎಚ್‌ಬಿಒದ ದೊಡ್ಡ ಸರಣಿಗಳು ಸಾಮಾನ್ಯವಾಗಿ ಅಮೆರಿಕದಲ್ಲಿ ಭಾನುವಾರ ರಾತ್ರಿ ಬರುತ್ತವೆ. ನಮಗೆ ಅದು ಸೋಮವಾರ ಬೆಳಿಗ್ಗೆ, ಕಾಲೇಜಿಗೆ ಹೊರಡುವ ಹೊತ್ತು. ಸಂಜೆ ನೋಡೋಣ ಎಂದು ಇಟ್ಟರೆ ಅಷ್ಟರಲ್ಲಿ ಮೊಬೈಲ್ ತುಂಬ ಕಥೆ ಬಿಚ್ಚಿಟ್ಟಿರುತ್ತಾರೆ.

ಅದಕ್ಕಿಂತ ಮುಖ್ಯವಾದದ್ದು ಭಾಷೆ. ಡಬ್ಬಿಂಗ್‌ಗೆ ಕರ್ನಾಟಕದಲ್ಲಿ ದಶಕಗಳ ಕಾಲ ಇದ್ದ ತಡೆಯ ವಿರುದ್ಧ ಭಾರತೀಯ ಸ್ಪರ್ಧಾ ಆಯೋಗ 2015ರಲ್ಲಿ ಆದೇಶ ಕೊಟ್ಟಿತು. 2022ರ ಕೊನೆಗೆ ‘ಅವತಾರ್’ ಎರಡನೇ ಭಾಗ ಚಿತ್ರಮಂದಿರಗಳಲ್ಲಿ ಕನ್ನಡದಲ್ಲೇ ಓಡಿತು. ಅಮರ ಚಿತ್ರ ಕಥೆಯ ಮೊದಲ ಪುಸ್ತಕಗಳು 1965ರಲ್ಲಿ ಹೊರಬಂದಿದ್ದೂ ಕನ್ನಡದಲ್ಲೇ. ‘ಬಾಲಮಂಗಳ’ದ ಡಿಂಗನನ್ನು ಓದಿ ಬೆಳೆದ ಮಕ್ಕಳು ಈ ಭಾಗದ ಹಳ್ಳಿಹಳ್ಳಿಗಳಲ್ಲೂ ಇದ್ದರು. ಚಿತ್ರಕಥೆ ಓದುವ ಜನ ಇಲ್ಲಿ ಕಡಿಮೆ ಇಲ್ಲ. ಇಂಗ್ಲಿಷ್‌ನಲ್ಲಿ ಎಂಟು ಗಂಟೆ ತನಿಖೆಯ ಮಾತುಕತೆ ಕೇಳಲು ಎಲ್ಲರಿಗೂ ಆಗುವುದಿಲ್ಲ, ಅದರಲ್ಲೂ ಮಾತೇ ಜೀವಾಳವಾದ ಕಥೆಯಲ್ಲಿ. ಹಸಿರು ಉಡುಪಿಗಾಗಿ ದನಿ ಎತ್ತಿದಷ್ಟೇ ಜೋರಾಗಿ ಕನ್ನಡ ಆಡಿಯೋ ಕೊಡಿ ಎಂದು ಕೇಳಲು ಆಗಸ್ಟ್‌ಗೆ ಮೊದಲೇ ಇಲ್ಲಿನ ಅಭಿಮಾನಿಗಳು ಶುರು ಮಾಡಬೇಕು.